‘ಮಗೂನ ಕರ್ಕೊಂಡ್ ಬನ್ನಿ’ ಎನ್ನುವ ಮೊದಲು: ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ತೀವ್ರ ವೈಕಲ್ಯವಿರುವ ಮಕ್ಕಳನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗುವುದರಿಂದ ತಾಯಂದಿರನ್ನು ಬಿಡುಗಡೆ ಮಾಡುವ ಕುರಿತು.

ಮಾನ್ಯರೇ,

ನಮಸ್ಕಾರಗಳು. ನಾನು ಬಯಲುಸೀಮೆಯ ಒಂದು ಹಳ್ಳಿಯವಳು. ಪಿ.ಯು.ಸಿ. ತನಕ ಓದಿದ್ದೇನೆ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಇಬ್ಬರು ಮಕ್ಕಳು. ಮಗ ಏಳನೇ ತರಗತಿ. ಮಗಳಿಗೆ 15 ವರ್ಷ, 32 ಕೆ.ಜಿ. ತೂಕ. ಮಕ್ಕಳ ವಯಸ್ಸು ಹೇಳುವಾಗ ಯಾರೂ ತೂಕ ಹೇಳುವುದಿಲ್ಲ. ನಾನು ಹೇಳಲೇಬೇಕು, ಯಾಕೆಂದರೆ ಈ ಪತ್ರ ಬರೆಯುತ್ತಿರುವುದೇ ಆ ತೂಕದ ಸಲುವಾಗಿ.

ಅವಳು ಹುಟ್ಟಿದ ಕೂಡಲೇ ಅಳಲಿಲ್ಲ. ಹತ್ತು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ಆಗ ಸೆರೆಬ್ರಲ್ ಪಾಲ್ಸಿ ಎಂಬ ಮಾತನ್ನು ಮೊದಲ ಸಲ ಕೇಳಿದೆ. ಕೈಕಾಲು ನಾಲ್ಕೂ ಬಿಗಿ. ಕೂರಲು ಆಗುವುದಿಲ್ಲ, ಮಾತಿಲ್ಲ, ಫಿಟ್ಸ್ ಇದೆ. ತಮ್ಮನ ಸೈಕಲ್ ಬೆಲ್ಲನ್ನು ಬೀದಿಯ ಕೊನೆಯಿಂದಲೇ ಗುರುತಿಸುತ್ತಾಳೆ, ಬೆಲ್ ಕೇಳಿದರೆ ಮೈಯೆಲ್ಲ ನಗು. ಬೇಡದ ತುತ್ತನ್ನು ನಾಲಿಗೆಯಿಂದ ತಳ್ಳಿ ಬೇಡ ಎನ್ನುತ್ತಾಳೆ. ಅವಳ ಯು.ಡಿ.ಐ.ಡಿ. (ವಿಕಲಚೇತನರ ಗುರುತಿನ) ಕಾರ್ಡ್ ನೀಲಿ ಬಣ್ಣದ್ದು, ಅಂದರೆ ಶೇ 80 ಮತ್ತು ಅದಕ್ಕೂ ಮೇಲ್ಪಟ್ಟ ವೈಕಲ್ಯದವರಿಗೆ ಕೊಡುವ ಕಾರ್ಡ್. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ.

ನನ್ನ ಊರು, ತಾಲ್ಲೂಕು, ಆಸ್ಪತ್ರೆ ಯಾವುದರ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಯಾರೋ ಒಬ್ಬ ಗುಮಾಸ್ತರಿಗೆ ನೋಟಿಸ್ ಹೋಗುತ್ತದೆ, ಅವರು ಉತ್ತರ ಕೊಡುತ್ತಾರೆ, ಕಡತ ಮುಚ್ಚುತ್ತದೆ. ನನಗೆ ಯಾರ ಕೆಲಸಕ್ಕೂ ಕುತ್ತು ತರುವ ಆಸೆ ಇಲ್ಲ. ಕೌಂಟರಿನಲ್ಲಿ ಕೂತವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಕೆಲವರು ಎದ್ದು ಬಂದು ಕುರ್ಚಿ ಕೊಟ್ಟಿದ್ದಾರೆ. ನನ್ನ ದೂರು ಒಂದು ಮಾತಿನ ಮೇಲೆ. ಹದಿನೈದು ವರ್ಷದಿಂದ ಎಲ್ಲ ಕೌಂಟರಿನಲ್ಲೂ ಕೇಳುತ್ತಿರುವ ಮಾತು ಅದು: ‘ಮಗೂನ ಕರ್ಕೊಂಡ್ ಬನ್ನಿ.’

ಕಳೆದ ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತಾ ಬಂದೆ. ಪುಟ್ಟಿಯನ್ನು ಎತ್ತಿಕೊಂಡು ಊರು ಬಿಟ್ಟು ಹೋದದ್ದು 23 ಸಲ. ಅದರಲ್ಲಿ ಔಷಧಿಗೆ, ವ್ಯಾಯಾಮಕ್ಕೆ, ಡಾಕ್ಟರಿಗೆ ತೋರಿಸುವುದಕ್ಕೆ ಹೋದದ್ದು 9 ಸಲ. ಉಳಿದ 14 ಸಲವೂ ಕಾಗದಕ್ಕೆ. ಮಗಳಿಗೆ ಆ 14 ಸಲದಲ್ಲಿ ಒಂದು ಗುಳಿಗೆಯೂ ಸಿಗಲಿಲ್ಲ, ಕಾಲಿನ ಒಂದು ನರವೂ ಸಡಿಲವಾಗಲಿಲ್ಲ. ಅವಳು ಬದುಕಿದ್ದಾಳೆ, ಅವಳು ಅವಳೇ, ಅವಳಿಗೆ ಇನ್ನೂ ನಡೆಯಲು ಬರುವುದಿಲ್ಲ ಎಂದು ತೋರಿಸಿ ಬಂದೆವು.

ಒಂದು ಸಲ ಹೋಗಿಬರುವುದು ಅಂದರೆ ಏನು ಎಂದು ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಓದಿ.

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಪುಟ್ಟಿಗೆ ತಿನ್ನಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೆನ್ನನ್ನು ನನ್ನ ಎದೆಗೆ ಆನಿಸಿ ನೆಟ್ಟಗೆ ಕೂರಿಸಿಕೊಂಡು, ಸಾರಿನಲ್ಲಿ ಕಿವುಚಿದ ಮುದ್ದೆಯನ್ನು ಅರ್ಧರ್ಧ ಚಮಚ ಕೊಡಬೇಕು. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಶ್ವಾಸಕೋಶಕ್ಕೆ ಹೋದರೆ ನಿಮೋನಿಯಾ, ಎರಡು ಸಲ ಆಗಿದೆ. ಆರು ಗಂಟೆಗೆ ಫಿಟ್ಸ್ ಔಷಧಿ. ಆಮೇಲೆ ಒಂದು ಚೀಲಕ್ಕೆ ಮೂರು ಡೈಪರ್, ಎರಡು ಜೊತೆ ಬಟ್ಟೆ, ಒಂದು ಹಳೇ ಜಮಖಾನ, ನೀರು, ಗಂಜಿ. ಇನ್ನೊಂದು ಚೀಲಕ್ಕೆ ಕಾಗದ: ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಯು.ಡಿ.ಐ.ಡಿ., ಹಳೇ ಸರ್ಟಿಫಿಕೇಟು, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್.

ಎಂಟು ಹತ್ತರ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಟಿಕೆಟ್ ಇಲ್ಲ, ಅದಕ್ಕೆ ನಾನು ಋಣಿ. ಆದರೆ ಮೆಟ್ಟಿಲು ಹಾಗೇ ಇದೆ. ಬಿಗಿತ ಬಂದಾಗ ಅವಳ ಕಾಲು ಕತ್ತರಿಯಂತೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತದೆ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಆ ಹೊತ್ತಿನಲ್ಲಿ ಅವಳನ್ನು ಅವುಚಿಕೊಂಡು ಮೂರು ಎತ್ತರದ ಮೆಟ್ಟಿಲು ಹತ್ತಬೇಕು, ಹಿಂದಿನವರು ನೂಕುತ್ತಿರುತ್ತಾರೆ. ತಾಲ್ಲೂಕಿಗೆ 14 ಕಿ.ಮೀ., ಅಲ್ಲಿ ಇನ್ನೊಂದು ಬಸ್ಸು, ಜಿಲ್ಲಾ ಕೇಂದ್ರಕ್ಕೆ ಮತ್ತೆ 38. ಗಾಲಿ ಕುರ್ಚಿ ಇದೆ. ಶಿಬಿರದಲ್ಲಿ ಅಳತೆ ತೆಗೆದುಕೊಂಡು ಹೋದವರು ಅದನ್ನು ಕೊಡುವ ಹೊತ್ತಿಗೆ ಪುಟ್ಟಿ ಬೆಳೆದುಬಿಟ್ಟಿದ್ದಳು, ಸೊಂಟ ಹಿಡಿಸುವುದಿಲ್ಲ. ಹಿಡಿಸಿದ್ದರೂ ಬಸ್ಸಿಗೆ ಹತ್ತುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ನಾನು ನೋಡಿದ ಯಾವ ಆಸ್ಪತ್ರೆಯಲ್ಲೂ, ಬಸ್ ನಿಲ್ದಾಣದಲ್ಲೂ, ಕಚೇರಿಯಲ್ಲೂ ದೊಡ್ಡ ಮಗುವಿಗೆ ಬಟ್ಟೆ ಬದಲಿಸುವ ಜಾಗ ಇಲ್ಲ. ಕೂಸಿಗಾದರೆ ತೊಡೆಯ ಮೇಲೇ ಆಗುತ್ತದೆ. ಹದಿನೈದು ವರ್ಷದ ಹುಡುಗಿಯನ್ನು ಎಲ್ಲಿ ಮಲಗಿಸಲಿ? ಶೌಚಾಲಯದ ಒದ್ದೆ ನೆಲದ ಮೇಲೆಯೇ? ಜನರೇಟರ್ ಕೋಣೆಯ ಹಿಂದೆ ಜಮಖಾನ ಹಾಸಿ, ನನ್ನ ಸೆರಗನ್ನೇ ಅಡ್ಡ ಹಿಡಿದು ಬದಲಿಸುತ್ತೇನೆ. ಹೋದ ಸಲ ಒಬ್ಬ ಗಂಡಸು ಆ ಕಡೆಗೆ ಬೀಡಿ ಸೇದಲು ಬಂದವನು ನಿಂತೇ ಇದ್ದ. ಪುಟ್ಟಿ ಮುಖ ತಿರುಗಿಸಿಕೊಂಡಳು. ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ಹೇಳುವವರು ಆ ಮುಖ ನೋಡಬೇಕಿತ್ತು.

ಇಷ್ಟೆಲ್ಲ ಆದ ಮೇಲೆ ಕೌಂಟರಿನ ಹತ್ತಿರ ಹೋದರೆ ‘ಇವತ್ತು ಡಾಕ್ಟರ್ ರಜಾ’, ‘ಸರ್ವರ್ ಇಲ್ಲ’, ‘ಇನ್ನೊಂದು ಜೆರಾಕ್ಸ್ ಬೇಕಿತ್ತು’. ಮತ್ತೆ ಅದೇ ಮಾತು, ಸೋಮವಾರ ಮಗೂನ ಕರ್ಕೊಂಡ್ ಬನ್ನಿ.

ಆಧಾರಿನ ಕಥೆ ಕೇಳಿ. ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಬೆರಳಚ್ಚು, ಕಣ್ಣಿನ ಪಾಪೆ ಹೊಸದಾಗಿ ಕೊಡಬೇಕು. ಪುಟ್ಟಿಗೆ 15 ತುಂಬಿತು. ಅವಳ ಮುಷ್ಟಿ ಹುಟ್ಟಿದಂದಿನಿಂದ ಬಿಗಿದುಕೊಂಡೇ ಇದೆ, ಹೆಬ್ಬೆರಳು ಅಂಗೈಯೊಳಗೆ. ಬೆರಳು ಬಿಡಿಸಿ ಯಂತ್ರದ ಮೇಲೆ ಒತ್ತಿಹಿಡಿಯಬೇಕು ಅಂದರು. ಬಲವಂತ ಮಾಡಿದಷ್ಟೂ ಬಿಗಿ ಹೆಚ್ಚುತ್ತದೆ, ನೋವಾಗುತ್ತದೆ. ನಾನು ಒಂದು ಕೈ, ಆಪರೇಟರ್ ಹುಡುಗ ಒಂದು ಕೈ ಹಿಡಿದುಕೊಂಡೆವು. ಪುಟ್ಟಿ ಕಿರುಚಿದಳು. ಕಣ್ಣು ಕ್ಯಾಮೆರಾಕ್ಕೆ ನಿಲ್ಲಲಿಲ್ಲ. ನಾಲ್ಕು ಸಲ ಹೋದೆವು. ನಾಲ್ಕನೇ ಸಲಕ್ಕೆ ಬೇರೆ ಆಪರೇಟರ್ ಇದ್ದರು. ಬೆರಳಚ್ಚು ಸಿಗದವರಿಗೆ ವಿನಾಯಿತಿ ಎಂಬ ದಾರಿ ಮೊದಲಿನಿಂದಲೂ ಇದೆ ಎಂದು ಹೇಳಿ, ಹತ್ತು ನಿಮಿಷದಲ್ಲಿ ಮುಗಿಸಿಕೊಟ್ಟರು. ಇದ್ದ ದಾರಿಯನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಮಗಳ ಬೆರಳನ್ನು ಮೂರು ಸಲ ಹಾಗೆ ಎಳೆಯಬೇಕಾಗಿರಲಿಲ್ಲ. ಅದನ್ನು ಎಳೆದದ್ದು ನನ್ನ ಕೈಯೇ. ಅದು ನನಗೆ ಮರೆಯುವುದಿಲ್ಲ.

ಅದಾದ ತಿಂಗಳಿಗೆ ರೇಷನ್ ಅಂಗಡಿಯಲ್ಲಿ ಇ-ಕೆವೈಸಿ, ಕಾರ್ಡಿನಲ್ಲಿರುವ ಎಲ್ಲರೂ ಹೆಬ್ಬೆಟ್ಟು ಒತ್ತಬೇಕು. ಅದರ ಹಿಂದೆಯೇ ಬ್ಯಾಂಕಿನಲ್ಲಿ ಪಿಂಚಣಿ ಖಾತೆಗೆ ಕೆವೈಸಿ. ಆಮೇಲೆ ಆರೈಕೆದಾರರ ಭತ್ಯೆಯ ಅರ್ಜಿಗೆ ಮಗುವಿನ ತಪಾಸಣೆ. ಇದರ ನಡುವೆ ವೈಕಲ್ಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅದರ ನವೀಕರಣ. ಸ್ಥಿತಿ ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ ಕೊಡಬಹುದು ಎಂದು ನಿಯಮವೇ ಹೇಳುತ್ತದೆ. ಪುಟ್ಟಿಗೆ ಎರಡು ಸಲವೂ ಐದೈದು ವರ್ಷಕ್ಕೆ ಬರೆದುಕೊಟ್ಟಿದ್ದರು. ಹುಟ್ಟುವಾಗ ಮಿದುಳಿಗಾದ ಪೆಟ್ಟು ಐದು ವರ್ಷದಲ್ಲಿ ವಾಸಿಯಾಗುತ್ತದೆ ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ.

ಆಧಾರ್ ಒಂದು ಇಲಾಖೆ, ರೇಷನ್ ಇನ್ನೊಂದು, ಪಿಂಚಣಿ ಕಂದಾಯದವರದು, ಪ್ರಮಾಣಪತ್ರ ಆರೋಗ್ಯದವರದು, ಓದು ಶಿಕ್ಷಣ ಇಲಾಖೆಯದು, ಭತ್ಯೆ ತಮ್ಮದು. ಪ್ರತಿಯೊಬ್ಬರೂ ಕೇಳುವುದು ಒಂದೇ ಒಂದು ಸಲ ಬನ್ನಿ ಎಂದು. ಎಲ್ಲರ ಒಂದೊಂದು ಸಲವನ್ನೂ ಕೂಡಿಸಿ ಹೊರುವವಳು ತಾಯಿ.

ಮಾನ್ಯರೇ, ಕಚೇರಿಗೆ ಹೋಗದ ದಿನ ನಾನು ಸುಮ್ಮನೆ ಕೂತಿರುವುದಿಲ್ಲ. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತೇನೆ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬೆಳಿಗ್ಗೆ ಕಾಲು ಸಡಿಲಿಸುವ ವ್ಯಾಯಾಮ, ಮಲ ಬಿಗಿಯಾದರೆ ಹೊಟ್ಟೆ ನೀವುವುದು, ಸ್ನಾನ, ತಿನ್ನಿಸುವುದು, ಒಗೆಯುವುದು, ಮತ್ತೆ ತಿನ್ನಿಸುವುದು. ದಿನಕ್ಕೆ ಎಷ್ಟು ಸಲ ಎತ್ತುತ್ತೇನೆ ಎಂದು ಒಂದು ದಿನ ಎಣಿಸಿದೆ: 27. ನನಗೆ 38 ವರ್ಷ. ಸೊಂಟದ ಡಿಸ್ಕ್ ಜರುಗಿದೆ. ತೋರಿಸಿದ ಡಾಕ್ಟರು ಒಳ್ಳೆಯವರು, ಸ್ಕ್ಯಾನ್ ನೋಡಿ ‘ಇನ್ನು ಮೇಲೆ ಭಾರ ಎತ್ತಬೇಡಿಮ್ಮ’ ಅಂದರು. ಪುಟ್ಟಿ ನನ್ನ ತೊಡೆಯ ಮೇಲೇ ಇದ್ದಳು. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮುಂದೆ ಏನೂ ಹೇಳಲಿಲ್ಲ.

ಅತ್ತೆ ಇದ್ದಷ್ಟು ದಿನ ಕೈಜೋಡಿಸುತ್ತಿದ್ದರು. ಅವರು ಹೋದ ಮೇಲೆ, ನಾನು ಅಂಗಡಿಗೆ ಹೋಗಬೇಕಾದರೂ ಮಗ ಶಾಲೆಯಿಂದ ಬರುವ ತನಕ ಕಾಯುತ್ತೇನೆ. ಹನ್ನೆರಡು ವರ್ಷದ ಹುಡುಗ, ಗೆಳೆಯರೆಲ್ಲ ಬಯಲಿನಲ್ಲಿ ಆಡುವಾಗ ಅಕ್ಕನ ಪಕ್ಕ ಕೂತು ನೊಣ ಓಡಿಸುತ್ತಿರುತ್ತಾನೆ. ಅವನು ಯಾವತ್ತೂ ಬೇಸರ ಮಾಡಿಕೊಂಡಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಎರಡು ವರ್ಷದ ಹಿಂದೆ ಪುಟ್ಟಿ ದೊಡ್ಡವಳಾದಳು. ಅಂದಿನಿಂದ ಕನಿಷ್ಠ ಹತ್ತು ಜನ ಹೆಂಗಸರು, ಅದರಲ್ಲಿ ಓದಿದವರೂ ಇದ್ದಾರೆ, ‘ಗರ್ಭಕೋಶ ತೆಗೆಸಿಬಿಡು, ನಿನಗೂ ಸುಲಭ’ ಎಂದು ಹೇಳಿದ್ದಾರೆ. ಅವರ ಮಾತಿನಲ್ಲಿ ನನ್ನ ಮೇಲಿನ ಕನಿಕರ ಇದೆ, ಗೊತ್ತು. ಆದರೆ ರೋಗವಿಲ್ಲದ ಒಂದು ಅಂಗವನ್ನು, ಬೇಕು ಬೇಡ ಹೇಳಲಾಗದ ಹುಡುಗಿಯಿಂದ, ಅಮ್ಮನಿಗೆ ಬಟ್ಟೆ ಒಗೆಯುವುದು ಕಡಿಮೆಯಾಗಲಿ ಎಂದು ಕಿತ್ತುಹಾಕುವುದೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ ಇದಕ್ಕೆ ಒಪ್ಪುವುದಿಲ್ಲ. ಬಂಜೆತನ ತರುವಂಥ ಯಾವ ಚಿಕಿತ್ಸೆಯನ್ನೂ ಆ ವ್ಯಕ್ತಿಯ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು ಅದರಲ್ಲಿದೆ. ನಮ್ಮೂರಿನಂಥ ಊರುಗಳಲ್ಲಿ ಈ ಮಾತನ್ನು ತಾಯಂದಿರಿಗೆ ಹೇಳುವವರು ಯಾರು? ನನಗೆ ಒಂದು ಕೈ ಸಹಾಯ, ಒಂದಿಷ್ಟು ಪ್ಯಾಡು ಸಿಕ್ಕಿದ್ದರೆ ಆ ಸಲಹೆ ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ.

ಆ ಕಾಯ್ದೆಯನ್ನು ನಾನು ಮೊಬೈಲಿನಲ್ಲಿ ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪವೇ ಓದಿದ್ದೇನೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಆರೈಕೆದಾರರು ಯಾರು ಎಂಬುದಕ್ಕೆ ಅದರಲ್ಲಿ ಅರ್ಥ ಕೊಟ್ಟಿದ್ದಾರೆ. ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ತಂದೆತಾಯಿಯೂ ಅದರಲ್ಲಿ ಸೇರಿದ್ದಾರೆ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೈದು ವರ್ಷದಲ್ಲಿ ಯಾವ ಅರ್ಜಿಯಲ್ಲೂ ‘ಉದ್ಯೋಗ’ ಎಂಬ ಜಾಗದಲ್ಲಿ ನಾನು ‘ಗೃಹಿಣಿ’ ಎಂದು ಬಿಟ್ಟು ಬೇರೇನೂ ಬರೆದಿಲ್ಲ. ಕಾನೂನಿನಲ್ಲಿ ನನಗೊಂದು ಹೆಸರಿದೆ. 24ನೇ ಕಲಂ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎನ್ನುತ್ತದೆ. 38ನೇ ಕಲಂ, ಅಂಥವರು ಅರ್ಜಿ ಹಾಕಿದರೆ ಮಂಡಳಿಯೊಂದು ಪರಿಶೀಲಿಸಬೇಕು, ಅದರ ವರದಿಯಂತೆ ಅಧಿಕಾರಿಗಳು ಅವರಿಗೆ ಬೇಕಾದ ಆಸರೆ ಒದಗಿಸಬೇಕು ಎನ್ನುತ್ತದೆ.

ಕರ್ನಾಟಕ ಸರ್ಕಾರ 2024-25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊದಲ ಬಾರಿಗೆ ಸರ್ಕಾರ ನಮ್ಮ ಕಡೆ ತಿರುಗಿ ನೋಡಿತು, ಅದನ್ನು ನಾನು ಸಣ್ಣದೆಂದು ಹೇಳುವುದಿಲ್ಲ. ಆದರೆ ಲೆಕ್ಕವನ್ನೂ ತಮ್ಮ ಮುಂದಿಡಬೇಕು. ನಮ್ಮ ರಾಜ್ಯದಲ್ಲಿ 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಮೂವತ್ತು ಹಗಲು, ಮೂವತ್ತು ರಾತ್ರಿಯ ಆರೈಕೆಗೆ ಮೂರು ದಿನದ ಕೂಲಿಯೂ ಇಲ್ಲ. ಪುಟ್ಟಿಯ ಪಿಂಚಣಿ 1,400. ಅವಳ ಡೈಪರಿಗೇ ತಿಂಗಳಿಗೆ 2,000 ದಾಟುತ್ತದೆ, ಫಿಟ್ಸ್ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ತಿಂಗಳು ಅದರ ಮೇಲೆ ಇನ್ನೂ ಏಳೆಂಟು ನೂರು. ಕೇಂದ್ರದ ವಿಕಲಚೇತನರ ಪಿಂಚಣಿಯ ಪಾಲು 18 ತುಂಬಿದ ಮೇಲೆ ಮಾತ್ರ, ಅದೂ 300 ರೂಪಾಯಿ, 2012ರಿಂದ ಆ ಮೊತ್ತ ಅಲುಗಿಲ್ಲ.

ಪಕ್ಕದ ಬೀದಿಯ ಒಬ್ಬ ತಾಯಿಗೆ ಇಪ್ಪತ್ತು ವರ್ಷದ ಮಗ, ತೀವ್ರ ಬುದ್ಧಿಮಾಂದ್ಯ. ಅವನು ನಡೆಯುತ್ತಾನೆ, ಓಡುತ್ತಾನೆ, ಅದೇ ಅವಳ ಕಷ್ಟ. ಒಂದು ಗಳಿಗೆ ಬಾಗಿಲು ತೆರೆದಿದ್ದರೆ ಹೆದ್ದಾರಿಗೆ ಹೋಗಿಬಿಡುತ್ತಾನೆ. ನನ್ನಂತೆಯೇ ಅವಳೂ ಮನೆಗೆ ಕಟ್ಟಿಬಿದ್ದಿದ್ದಾಳೆ, ಆದರೆ ಮಗನ ಸ್ಥಿತಿಯ ಹೆಸರು ಭತ್ಯೆಗೆ ಹೆಸರಿಸಿದ ಆ ನಾಲ್ಕರಲ್ಲಿ ಇಲ್ಲ. ಕಾಯ್ದೆ ರೋಗದ ಹೆಸರು ಕೇಳುವುದಿಲ್ಲ, ಎಷ್ಟು ಆಸರೆ ಬೇಕು ಎಂದು ಕೇಳುತ್ತದೆ. ಭತ್ಯೆಯೂ ಹಾಗೇ ಆಗಲಿ ಎಂಬುದು ನನ್ನದೂ ಅವಳದೂ ಕೋರಿಕೆ. ಮೊತ್ತ ಹೆಚ್ಚಿಸಿ, ಅದು ತಿಂಗಳು ತಿಂಗಳೂ ಗೊತ್ತಾದ ತಾರೀಕಿಗೆ ಬರಲಿ. ಕೇರಳದಲ್ಲಿ ಆಶ್ವಾಸಕಿರಣಂ ಎಂಬ ಹೆಸರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುತ್ತಾರೆ. ಅದಕ್ಕಿಂತ ನಮ್ಮದು ಹೆಚ್ಚು ಎಂದು ಹೇಳಿ ಇದನ್ನು ಇಲ್ಲಿಗೇ ನಿಲ್ಲಿಸಬೇಡಿ.

ಹಣಕ್ಕಿಂತ ಮೊದಲು ಆಗಬೇಕಾದದ್ದು ಇನ್ನೊಂದಿದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ನೀಲಿ ಕಾರ್ಡಿನ ಮಕ್ಕಳು ಒಂದು ಗ್ರಾಮ ಪಂಚಾಯಿತಿಯಲ್ಲಿ ಎಷ್ಟು ಜನ ಇರಬಹುದು? ನಮ್ಮ ಪಂಚಾಯಿತಿಯಲ್ಲಿ ನನಗೆ ಗೊತ್ತಿರುವವರು ಆರು ಜನ. ಆ ಆರು ಮನೆಗೆ ವರ್ಷದಲ್ಲಿ ಒಂದು ದಿನ ಸರ್ಕಾರವೇ ಬರಲಿ. ಒಬ್ಬ ಡಾಕ್ಟರ್, ಆಧಾರ್ ಯಂತ್ರ ಹಿಡಿದ ಒಬ್ಬರು, ಕಂದಾಯದವರು ಒಬ್ಬರು, ಬ್ಯಾಂಕ್ ಪ್ರತಿನಿಧಿ ಒಬ್ಬರು, ಒಂದೇ ಜೀಪಿನಲ್ಲಿ, ಒಂದೇ ದಿನ. ಚುನಾವಣೆಯಲ್ಲಿ ಹಾಸಿಗೆ ಹಿಡಿದವರ ಮನೆಗೆ ಮತಪತ್ರ ಹೊತ್ತು ಅಧಿಕಾರಿಗಳು ಬಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬೀದಿಯ ಅಜ್ಜಿಯೊಬ್ಬರ ಮತ ಪಡೆಯಲು ನಾಲ್ಕೈದು ಜನ ಬಂದು, ಅವರ ಮಂಚದ ಪಕ್ಕ ಮರೆ ಕಟ್ಟಿ, ವಿಡಿಯೋ ಮಾಡಿಕೊಂಡು ಹೋದರು. ಮತಕ್ಕೆ ಮನೆಗೆ ಬರಲು ಆಗುತ್ತದೆ ಎಂದಾದರೆ ಪ್ರಮಾಣಪತ್ರಕ್ಕೂ ಆಗುತ್ತದೆ.

ದಾರಿ ತೋರಿಸಲು ಹೊಸಬರನ್ನು ನೇಮಿಸಬೇಕಾಗಿಲ್ಲ. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಾವು ವಿ.ಆರ್.ಡಬ್ಲ್ಯು. ಎನ್ನುವವರು, ತಮ್ಮ ಇಲಾಖೆಯಲ್ಲೇ ಇದ್ದಾರೆ. ಅವರೂ ವೈಕಲ್ಯ ಇರುವವರೇ, ಗೌರವಧನದ ಮೇಲೆ ದುಡಿಯುವವರು. ನಮ್ಮ ವಿ.ಆರ್.ಡಬ್ಲ್ಯು. ಅಣ್ಣ ಪೋಲಿಯೋ ಕಾಲಿನಲ್ಲಿ ಮೂರು ಚಕ್ರದ ಗಾಡಿ ಓಡಿಸಿಕೊಂಡು ನಮ್ಮ ಮನೆಗೆ ಬರುತ್ತಾರೆ. ನನ್ನ ಎಷ್ಟೋ ಅರ್ಜಿಗಳನ್ನು ತುಂಬಿಸಿಕೊಟ್ಟವರು ಅವರೇ. ಅವರಿಗೆ ಯಾವ ಮನೆಯಲ್ಲಿ ಯಾವ ಮಗು, ಯಾವ ಕಾಗದದ ಅವಧಿ ಯಾವಾಗ ಮುಗಿಯುತ್ತದೆ ಎಲ್ಲ ಗೊತ್ತು. ಆದರೆ ಅವರು ‘ಈ ಮಗುವನ್ನು ನಾನು ನೋಡಿದ್ದೇನೆ’ ಎಂದು ಬರೆದುಕೊಟ್ಟರೆ ಯಾವ ಕಚೇರಿಯೂ ಒಪ್ಪುವುದಿಲ್ಲ. ಅವರ ಸಹಿಗೆ ಬೆಲೆ ಬರಲಿ. ಅವರ ಗೌರವಧನವೂ ಮನುಷ್ಯರು ಬದುಕುವಷ್ಟಾಗಲಿ.

ಓದಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪುಟ್ಟಿಯ ಹಕ್ಕು. ಅವಳ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಗೃಹಾಧಾರಿತ ಶಿಕ್ಷಣ ಎಂದು. ಬಿ.ಐ.ಇ.ಆರ್.ಟಿ., ಅಂದರೆ ಇಂಥ ಮಕ್ಕಳಿಗೆ ಕಲಿಸಲು ಬ್ಲಾಕಿಗೆ ನೇಮಿಸಿದ ಶಿಕ್ಷಕಿ, ಬಂದ ದಿನ ಅವಳಿಗೆ ಹಬ್ಬ. ಬಣ್ಣದ ಚೆಂಡು, ಗಿಲಕಿ, ಹಾಡು. ಆದರೆ ಒಬ್ಬ ಶಿಕ್ಷಕಿಗೆ ಇಡೀ ಬ್ಲಾಕಿನ ಹಳ್ಳಿಗಳು, ನಮ್ಮ ಸರದಿ ಬರುವುದು ತಿಂಗಳಿಗೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ಹಾಜರಿಯಲ್ಲಿ ಹೆಸರಿದ್ದರೂ ಅವಳ ಪಾಲಿನ ಹಾಲು, ಮೊಟ್ಟೆ ನಮ್ಮ ಮನೆಗೆ ಒಂದು ದಿನವೂ ಬಂದಿಲ್ಲ. ತಮ್ಮನ ಶಾಲೆಯೂ ಅದೇ. ಅವನ ಕೈಯಲ್ಲಿ ಕಳಿಸಿದರೆ ಸಾಕಿತ್ತು.

ಇನ್ನು ಕೊನೆಯ, ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೋರಿಕೆ. ತಾಲ್ಲೂಕಿಗೊಂದು ಹಗಲು ಪಾಲನಾ ಕೇಂದ್ರ ಕೊಡಿ. ಬೆಳಿಗ್ಗೆ ಹತ್ತಕ್ಕೆ ಗಾಡಿ ಬಂದು ಮಗುವನ್ನು ಕರೆದೊಯ್ದು, ಮಧ್ಯಾಹ್ನ ಮೂರಕ್ಕೆ ಬಿಡಲಿ. ಅಲ್ಲಿ ತಿನ್ನಿಸಲು ಬರುವ ಇಬ್ಬರು, ವ್ಯಾಯಾಮ ಗೊತ್ತಿರುವ ಒಬ್ಬರು, ಮಲಗಿಸಿ ಬಟ್ಟೆ ಬದಲಿಸಲು ಒಂದು ಎತ್ತರದ ಬೆಂಚು, ಪರದೆ, ನಲ್ಲಿ. ಇದು ಕಂಡು ಕೇಳರಿಯದ ಮಾತಲ್ಲ. ದಕ್ಷಿಣ ಕನ್ನಡದಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗಾಗಿ ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರ ಮಾಡಿದ್ದಾರೆ. ಗೇರು ತೋಟದ ಮೇಲೆ ವಿಷ ಸುರಿದ ತಪ್ಪಿಗೆ ಅಲ್ಲಿನ ತಾಯಂದಿರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಕೇರಳದಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಪಂಚಾಯಿತಿಗಳೇ ಬಡ್ಸ್ ಎಂಬ ಶಾಲೆ ನಡೆಸುತ್ತವೆ, ಮೊದಲನೆಯದು 2004ರಲ್ಲಿ ತಿರುವನಂತಪುರದ ಹತ್ತಿರ ವೆಂಙಾನೂರಿನಲ್ಲಿ ಶುರುವಾಯಿತು. ನನ್ನ ಮಗಳ ಕೈಕಾಲು ಬಿಗಿಯಾದದ್ದು ವಿಷದಿಂದಲ್ಲ, ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟಿದ್ದರಿಂದ. ಕಾರಣ ಬೇರೆಯಾದರೂ ಎತ್ತುವ ಭಾರ ಒಂದೇ.

ಐದು ಗಂಟೆ ಸಿಕ್ಕರೆ ಏನು ಮಾಡುತ್ತೀಯ ಎಂದು ನನ್ನ ಗಂಡ ಕೇಳಿದ. ಮೊದಲ ದಿನ ನಿದ್ದೆ ಮಾಡುತ್ತೇನೆ ಅಂದೆ. ಎರಡನೇ ದಿನ ಸೊಂಟ ತೋರಿಸಿಕೊಂಡು ಬರುತ್ತೇನೆ. ಆಮೇಲೆ ಹೊಲಿಗೆ ಯಂತ್ರ ಧೂಳು ಹಿಡಿದು ಕೂತಿದೆ, ಅದನ್ನು ತೆಗೆಯುತ್ತೇನೆ. ಮದುವೆಗೆ ಮೊದಲು ಬ್ಲೌಸ್ ಹೊಲಿದು ನಾನೇ ನನ್ನ ಕಾಲೇಜಿನ ಫೀಸು ಕಟ್ಟಿದವಳು.

ಇನ್ನು ಮೂರು ವರ್ಷಕ್ಕೆ ಪುಟ್ಟಿಗೆ 18 ತುಂಬುತ್ತದೆ. ಅಂದಿಗೆ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗ ಅವಳಿಗೆ ಮುಚ್ಚುತ್ತದೆ, ಶಾಲೆಯ ಹಾಜರಿಯಿಂದ ಹೆಸರು ಹೋಗುತ್ತದೆ. ಕಾನೂನಿನ ಕಣ್ಣಿಗೆ ಅವಳು ವಯಸ್ಕಳಾದ್ದರಿಂದ ನಾನು ಅವಳ ಪರವಾಗಿ ಸಹಿ ಹಾಕಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವದ ಆದೇಶ ತರಬೇಕು. ಹದಿನೆಂಟು ವರ್ಷ ಹೊತ್ತವಳು ತಾಯಿಯೇ ಎಂದು ಸಾಬೀತು ಮಾಡಲು ಆಗ ಮತ್ತೆ 52 ಕಿ.ಮೀ. ಅವಳಿಗೆ ಆಗ ಎಷ್ಟು ತೂಕವಿರುತ್ತದೋ, ನನ್ನ ಸೊಂಟ ಹೇಗಿರುತ್ತದೋ ಗೊತ್ತಿಲ್ಲ. ಆ ಸಮಿತಿಯಾದರೂ ತಾಲ್ಲೂಕಿಗೆ ಬಂದು ಕೂರುವಂತೆ ಈಗಲೇ ಆದೇಶ ಮಾಡಬಹುದಲ್ಲವೇ?

ತಾವು ಜಿಲ್ಲಾ ಪ್ರವಾಸಕ್ಕೆ ಬಂದಾಗ ವೇದಿಕೆಯ ಮೇಲೆ ಗಾಲಿ ಕುರ್ಚಿ ವಿತರಣೆ ಇರುತ್ತದೆ. ದಯವಿಟ್ಟು ಆ ದಿನಕ್ಕೆ ನಮ್ಮ ಮಕ್ಕಳನ್ನು ಕರೆಸಬೇಡಿ. ಅದರ ಬದಲು ಯಾವುದಾದರೂ ಒಂದು ಹಳ್ಳಿಯ ಇಂಥ ಒಂದು ಮನೆಗೆ ತಾವೇ ಹೋಗಿ ಬನ್ನಿ. ನಮ್ಮ ಮನೆಯೇ ಆಗಬೇಕೆಂದಿಲ್ಲ. ಆದರೆ ನಮ್ಮ ಮನೆಗೆ ಬರುವುದಾದರೆ ಹನ್ನೊಂದರಿಂದ ಹನ್ನೆರಡೂವರೆಯ ಒಳಗೆ ಬನ್ನಿ. ಅಷ್ಟು ಹೊತ್ತಿಗೆ ಪುಟ್ಟಿಯ ಸ್ನಾನ, ಊಟ ಮುಗಿದು ಮೈ ಸಡಿಲವಾಗಿರುತ್ತದೆ. ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಬಂದವರು ತುಸು ಹೊತ್ತು ಪಕ್ಕದಲ್ಲಿ ಕೂತರೆ ಕೈ ನೀಡುತ್ತಾಳೆ, ಮುಷ್ಟಿ ತಾನಾಗಿಯೇ ಸ್ವಲ್ಪ ಬಿಚ್ಚುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪುಟ್ಟಿಯ ಅಮ್ಮ